ನಾನೂರ ಹನ್ನೆರಡು ಗೆರೆಯ ಜಗಳ

ನನಗೆ ಕೊಳೆ ಆಗುವುದಿಲ್ಲ. ಪಾತ್ರೆ ಆಗಲಿ, ಅಂಗಳ ಆಗಲಿ, ಕಂಪ್ಯೂಟರಿನ ಕೋಡ್ ಆಗಲಿ, ಕೊಳೆ ಕಂಡರೆ ನನ್ನ ಕೈ ಸುಮ್ಮನೆ ಕೂರುವುದಿಲ್ಲ. ಆ ಕೈಯಿಂದ ಎಂತೆಂತ ಆಯ್ತು ಅಂತ ಹೇಳ್ತೇನೆ, ಕೇಳಿ. ನಗುವುದಾದರೆ ನಗಿ, ನನಗೆ ಬೇಜಾರಿಲ್ಲ. ಶಿರ್ತಾಡಿಯವರೆಲ್ಲ ನಕ್ಕು ಆಗಿದೆ.

ನಾನು ನವ್ಯಾ. ಮಿಜಾರಿನ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವವಳು. ಇರುವುದು ಶಿರ್ತಾಡಿಯಲ್ಲಿ, ಪೂವಮ್ಮ ದೊಡ್ಡಮ್ಮನ ಮನೆಯಲ್ಲಿ. ದೊಡ್ಡಮ್ಮ ನಮ್ಮ ಹಾಲಿನ ಸೊಸೈಟಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಫ್ಯಾಟ್, ಅಂದರೆ ಹಾಲಿನ ಕೊಬ್ಬು, ನೋಡುವವರು. ಬೆಳಿಗ್ಗೆ ಆರಕ್ಕೆ ಫ್ಯಾಟ್ ಅಳೆಯುವ ಮೆಷಿನಿನ ಎದುರಿನ ಕುರ್ಚಿಯಲ್ಲಿ ಕೂತರೆ ನಲವತ್ತಮೂರು ಮನೆಯ ಹಾಲು ಅವರ ಕೈ ದಾಟಿಯೇ ಕ್ಯಾನಿಗೆ ಹೋಗಬೇಕು. ಯಾರ ದನಕ್ಕೆ ಹಿಂಡಿ ಸಾಕಾಗುವುದಿಲ್ಲ, ಯಾರ ದನಕ್ಕೆ ಜ್ವರ, ಎಲ್ಲ ಅವರಿಗೆ ಮೆಷಿನಿನ ನಂಬರಿನಲ್ಲೇ ಗೊತ್ತಾಗ್ತದೆ. ಆ ಕುರ್ಚಿ ಹೋದರೆ ದೊಡ್ಡಮ್ಮನಿಗೆ ಬೆಳಗಾಗುವುದೇ ಇಲ್ಲ. ಇದು ನಾನು ಸುಮ್ಮನೆ ಹೇಳುವ ಮಾತಲ್ಲ, ಅವರೇ ನನ್ನ ಹತ್ತಿರ ಹೇಳಿದ್ದು.

ಆ ಕುರ್ಚಿಗೇ ಕುತ್ತು ಬಂತು. ಸೊಸೈಟಿಯ ಹಳೆ ಕಂಪ್ಯೂಟರಿನೊಳಗೆ ಹಲ್ಲಿ ಹೋಗಿ ಎರಡೂ ಒಟ್ಟಿಗೆ ಸತ್ತವು. ಹೊಸ ಕಂಪ್ಯೂಟರ್ ಬಂತು, ಆದರೆ ಹಳೆ ಮೆಷಿನ್ ಅದರೊಟ್ಟಿಗೆ ಮಾತಾಡಲಿಲ್ಲ. ದೊಡ್ಡಮ್ಮ ರೀಡಿಂಗ್‌ಗಳನ್ನು ಪುಸ್ತಕದಲ್ಲಿ ಬರೆದರು. ಸೆಕ್ರೆಟರಿ ಹುಕ್ರಪ್ಪಣ್ಣ ಅದನ್ನು ಒಂದೇ ಬೆರಳಿನಲ್ಲಿ ಹನ್ನೊಂದು ಗಂಟೆವರೆಗೆ ಕುಟ್ಟಿದರು. ನಾಲ್ಕನೇ ದಿನ ಅವರಿಗೆ ತಲೆಕೆಟ್ಟು ಹೋಯ್ತು.

"ಮುಂದಿನ ಭಾನುವಾರ ಕಮಿಟಿ ಮೀಟಿಂಗ್ ಉಂಟು. ಅಷ್ಟರೊಳಗೆ ಸರಿಯಾಗದಿದ್ದರೆ ಹೊಸ ಆಟೋಮ್ಯಾಟಿಕ್ ಮೆಷಿನ್ ತರಿಸುವ," ಅಂದರು. "ಅದಕ್ಕೆ ಕಂಪನಿಯವರೇ ಜನ ಕೊಡ್ತಾರೆ. ಪೂವಮ್ಮನಿಗೂ ವಯಸ್ಸಾಯ್ತಲ್ಲ."

ದೊಡ್ಡಮ್ಮ ಮನೆಗೆ ಬಂದು ಊಟ ಬಿಟ್ಟರು. ನಾನು ಲ್ಯಾಪ್‌ಟಾಪ್ ತೆರೆದೆ.

ಕಂಪ್ಯೂಟರಿಗೂ ಮೆಷಿನಿಗೂ ನಡುವೆ ದುಭಾಷಿ ಕೆಲಸ ಮಾಡುವ ಸಣ್ಣ ಪ್ರೋಗ್ರಾಮಿಗೆ ಡ್ರೈವರ್ ಅನ್ನುತ್ತಾರೆ. ನಮ್ಮ ಮೆಷಿನಿನದು ಓಪನ್ ಸೋರ್ಸ್. ಅಂದರೆ ಯಾರು ಬೇಕಾದರೂ ತೆಗೆದು ಓದಬಹುದು, ತಿದ್ದಿ ಕಳಿಸಬಹುದು. ಆದರೆ ಅದನ್ನು ನೋಡಿಕೊಳ್ಳುವವರು ಓದಿ ಒಪ್ಪಬೇಕು. ಒಪ್ಪಿದರೆ ಶನಿವಾರದ ಅಪ್‌ಡೇಟಿನಲ್ಲಿ ಎಲ್ಲ ಕಂಪ್ಯೂಟರಿಗೂ ಹೋಗ್ತದೆ. ಒಪ್ಪದಿದ್ದರೆ ನಾನು ಕೈಯಾರೆ ಎಷ್ಟು ಸಲ ಹಾಕಿದರೂ ಶನಿವಾರ ಅಳಿಸಿ ಹೋಗ್ತದೆ.

ತಪ್ಪು ಅರ್ಧ ಗಂಟೆಯಲ್ಲಿ ಸಿಕ್ಕಿತು. ಹೊಸ ಕಂಪ್ಯೂಟರಿನೊಟ್ಟಿಗೆ ಬಂದ ಕೇಬಲು ಮೆಷಿನಿನ ಮಾತನ್ನು ಎರಡು ತುಂಡು ಮಾಡಿ ಕೊಡ್ತಿತ್ತು, ಡ್ರೈವರ್ ಮೊದಲ ತುಂಡಿಗೇ ಬಾಗಿಲು ಹಾಕ್ತಿತ್ತು. ಕೋಡಿನ ಒಂದು ಗೆರೆ ತಿದ್ದಿದರೆ ಮುಗಿಯಿತು. ಅಲ್ಲಿಗೇ ನಿಲ್ಲಿಸಿದ್ದರೆ ನಾನು ನಾನಾಗಿರುತ್ತಿರಲಿಲ್ಲ ಮಾರಾಯ್ರೆ. ಆ ಫೈಲಿನ ಅವಸ್ಥೆ ನೀವು ನೋಡಬೇಕಿತ್ತು. 'ಟೆಂಪ್' ಅಂತ ಒಂದು ಹೆಸರು, 'ಟೆಂಪ್ ಟೂ' ಅಂತ ಇನ್ನೊಂದು, ಅದರ ಕೆಳಗೆ 'ಟೆಂಪ್ ಟೂ ಹೊಸತು'. ಹದಿನೈದು ವರ್ಷದಿಂದ ಯಾರೂ ಬಳಸದ ಕೋಡಿನ ತುಂಡುಗಳು. ನಡುವಿನಲ್ಲಿ ಒಂದು ವಿಚಿತ್ರ: ಮೆಷಿನ್ ಸ್ವಿಚ್ ಹಾಕಿದ ಮೇಲೆ ಬರುವ ಮೊದಲ ರೀಡಿಂಗನ್ನು ಎಸೆದುಬಿಡುವ ಐದು ಗೆರೆ. ಯಾಕೆ ಎಸೆಯಬೇಕು, ಒಂದಕ್ಷರ ಬರೆದಿರಲಿಲ್ಲ. ಬಂದ ರೀಡಿಂಗನ್ನು ಯಾರಾದರೂ ಎಸೆಯುತ್ತಾರಾ?

ಎಲ್ಲ ಗುಡಿಸಿದೆ. ಗುಡಿಸಿ, ಒರೆಸಿ, ನಾನೂರ ಹನ್ನೆರಡು ಗೆರೆಯ ಪ್ಯಾಚ್ ಮಾಡಿ ಕಳಿಸಿದೆ. ಪ್ಯಾಚ್ ಅಂದರೆ ಹೀಗೆ ತಿದ್ದಿ ಎಂದು ಕೊಡುವ ಅರ್ಜಿ. ಡ್ರೈವರ್ ನೋಡಿಕೊಳ್ಳುವವರ ಹೆಸರಿನ ಜಾಗದಲ್ಲಿ ಬಿಡಿಆರ್ ಅಂತ ಮೂರಕ್ಷರ ಮಾತ್ರ ಇತ್ತು. ಯಾರೋ ಹಿಮದ ದೇಶದ ಮುದುಕ, ಸ್ವೆಟರ್ ಹಾಕಿಕೊಂಡು ಬೆಕ್ಕಿನೊಟ್ಟಿಗೆ ಕೂತಿರಬೇಕು ಅಂತ ನಾನು ಲೆಕ್ಕ ಹಾಕಿದೆ.

ಉತ್ತರ ಇಂಗ್ಲಿಷಿನಲ್ಲಿ ಬಂತು, ಎರಡೇ ಸಾಲು. "ರಿಪೇರಿ ಒಂದು ಪ್ಯಾಚ್, ಗುಡಿಸುವುದು ಇನ್ನೊಂದು ಪ್ಯಾಚ್. ಎರಡನ್ನೂ ಬೆರೆಸಬೇಡಿ."

ನನಗೆ ಪಿತ್ತ ನೆತ್ತಿಗೇರಿತು. ಎರಡನೇ ಸಲ ಬೇರೆ ಬೇರೆ ಬಣ್ಣ ಬಳಿದು ಅದನ್ನೇ ಕಳಿಸಿದೆ. ಅವರು ಹೆಸರು ಬದಲಿಸಿದ್ದಕ್ಕೆ ಕಾರಣ ಕೇಳಿದರು. ಮೂರನೇ ಸಲ ಕಾರಣವನ್ನು ಒಂದೂವರೆ ಪುಟ ಬರೆದೆ. ಅವರು "ಉದ್ದ ಆಯಿತು" ಅಂದರು. ನಾಲ್ಕನೇ ಸಲ ಕಾರಣ ತೆಗೆದೆ. "ಕಾರಣ ಎಲ್ಲಿ?" ಅಂದರು. ಲ್ಯಾಬಿನಲ್ಲಿ ಕೂತು ನಾನು ಹಲ್ಲು ಕಡಿಯುವುದು ನೋಡಿ ಮಕ್ಕಳು ತಾವೇ ಕಂಪ್ಯೂಟರ್ ಬಂದ್ ಮಾಡಿ ಹೋದರು.

ಐದನೇ ಸಲಕ್ಕೆ ಜಗಳವೆಲ್ಲ ಆ ಐದು ಗೆರೆಗೆ ಬಂದು ನಿಂತಿತು. "ಮೊದಲ ರೀಡಿಂಗ್ ಎಸೆಯುವ ಭಾಗವನ್ನು ಮುಟ್ಟಬೇಡಿ," ಅಂತ ಬಿಡಿಆರ್ ಬರೆದರು. "ಬೆಳಿಗ್ಗೆ ಆರು ಗಂಟೆಗೆ ಆ ಮೆಷಿನಿನ ಪಕ್ಕ ಯಾವತ್ತಾದರೂ ನಿಂತಿದ್ದೀರಾ?"

ನಾನು ಎಂಟು ಗಂಟೆಗೆ ಏಳುವವಳು. ಆದರೆ ಹಿಮದ ದೇಶದವರಿಗೆ ಅದನ್ನು ಯಾಕೆ ಹೇಳಬೇಕು? "ಮೆಷಿನ್ ನಮ್ಮ ಊರಲ್ಲಿ ಉಂಟು, ನಿಮ್ಮ ಊರಲ್ಲಲ್ಲ. ಆ ಭಾಗ ಕಸ," ಅಂತ ಬರೆದೆ. ಅಷ್ಟಕ್ಕೆ ನಿಲ್ಲಿಸದೆ, ಕೆಲಸ ಮಾಡಿಸಿಯೇ ತೋರಿಸುತ್ತೇನೆ ಅಂತ ಹಟ ಹಿಡಿದೆ. ಮಂಗಳವಾರ ಮಧ್ಯಾಹ್ನ ಸೊಸೈಟಿಗೆ ಹೋಗಿ ನನ್ನ ಗುಡಿಸಿದ ಡ್ರೈವರನ್ನು ಹೊಸ ಕಂಪ್ಯೂಟರಿಗೆ ಕೈಯಾರೆ ಹಾಕಿದೆ. ಮೆಷಿನ್ ಮಾತಾಡಿತು. ನಾನೂ ಹುಕ್ರಪ್ಪಣ್ಣನೂ ಕೈಕುಲುಕಿದೆವು.

"ನಾಳೆಯಿಂದ ಪುಸ್ತಕ ಬೇಡ ದೊಡ್ಡಮ್ಮ, ಎಲ್ಲ ಅದೇ ಬರ್ಕೊಳ್ತದೆ," ಅಂದೆ. ದೊಡ್ಡಮ್ಮ ಆ ದಿನ ಎರಡು ಸಲ ಅನ್ನ ಹಾಕಿಸಿಕೊಂಡರು.

ಬುಧವಾರ ಏಳು ಗಂಟೆಗೆ ನನ್ನ ಫೋನು ಹೊಡೆದುಕೊಂಡಿತು. ಹುಕ್ರಪ್ಪಣ್ಣ. "ನವ್ಯಾ, ಬೇಗ ಬಾ. ಮುಂಡಪ್ಪಣ್ಣ ಗಲಾಟೆ ಮಾಡ್ತಿದ್ದಾರೆ."

ಮುಂಡಪ್ಪಣ್ಣ ಯಾರು ಅಂತ ಹೇಳಬೇಕು. ಪ್ರತಿದಿನ ಸಾಲಿನಲ್ಲಿ ಮೊದಲು ನಿಲ್ಲುವವರು. ಅವರ ದನದ ಹಾಲಿಗೆ ನಾಲ್ಕು ಪಾಯಿಂಟ್ ಎಂಟು ಫ್ಯಾಟ್. ಹೋದ ವರ್ಷ ಅತ್ಯುತ್ತಮ ಹಾಲಿನ ಶೀಲ್ಡ್ ತೆಗೆದುಕೊಂಡವರು. ಅವರ ಫೋನಿಗೆ ಸೊಸೈಟಿಯಿಂದ ಮೆಸೇಜ್ ಹೋಗಿತ್ತು: ಸದಸ್ಯ ಮುಂಡಪ್ಪ, ಹಾಲು ಏಳೂವರೆ ಲೀಟರ್, ಫ್ಯಾಟ್ ಸೊನ್ನೆ, ನೀರು ಶೇಕಡ ನೂರು. ಎರಡನೇ ನಂಬರಾಗಿ ಅವರು ದೋಹಾದಲ್ಲಿರುವ ಮಗ ಮನೀಷನದ್ದು ಕೊಟ್ಟಿದ್ದರು. ರಾತ್ರಿ ಪಾಳಿಯಲ್ಲಿದ್ದ ಅವನು ಅದನ್ನು ಮನೆಯವರ ಗ್ರೂಪಿಗೆ ಹಾಕಿದ. ಆರೂಮುಕ್ಕಾಲಕ್ಕೆ ದೋಹಾದಿಂದ ಒಂದು ಫೋನು, ಮಸ್ಕತ್ತಿನ ಅಳಿಯನಿಂದ ಇನ್ನೊಂದು. ಎಲ್ಲರದ್ದೂ ಒಂದೇ ಪ್ರಶ್ನೆ, ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ ಅಂತ.

ನಾನು ಹೋಗುವಾಗ ಮುಂಡಪ್ಪಣ್ಣ ಸೊಸೈಟಿಯ ಮೆಟ್ಟಿಲಲ್ಲಿ ಕೂತಿದ್ದರು. "ನನ್ನ ಹೆಸರು ಸರಿ ಮಾಡದೆ ನಾನು ಏಳುವುದಿಲ್ಲ," ಅಂದರು. ಸಾಲಿನಲ್ಲಿ ಯಾವತ್ತೂ ಅವರ ಹಿಂದೆಯೇ ನಿಲ್ಲುವ ರುಕ್ಮಯ್ಯನ ಮುಖದಲ್ಲಿ ಮಾತ್ರ ದೀಪಾವಳಿ. ಅವನ ಹಾಲು ಯಾವತ್ತೂ ಮೂರರ ಮೇಲೆ ಹೋದದ್ದಿಲ್ಲ. ಆ ದಿನ ನಾಲ್ಕು ಪಾಯಿಂಟ್ ಎಂಟು ಬಂದಿತ್ತು. ದನಕ್ಕೆ ಹೊಸ ಹುಲ್ಲು ಹಾಕಿದ್ದೇನೆ, ಅದರ ಗುಣ ಅಂತ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದ.

ಹದಿನಾಲ್ಕನೇ ಮನೆಗೆ ಬರುವಾಗ ದೊಡ್ಡಮ್ಮನಿಗೆ ಸಂಶಯ ಬಂದು ಮೆಷಿನ್ ನಿಲ್ಲಿಸಿದ್ದರಂತೆ. ಮೆಷಿನಿನ ಮೇಲೆ ಬರುವ ನಂಬರು ಸರಿ, ಕಂಪ್ಯೂಟರಿನಲ್ಲಿ ಬೀಳುವುದು ಬೇರೆ. "ಎಲ್ಲರಿಗೂ ಸಾಲಿನಲ್ಲಿ ಅವರ ಮುಂದೆ ನಿಂತವರ ಹಾಲಿನ ಲೆಕ್ಕ ಹೋಗಿದೆ," ಅಂದರು. "ಒಂದೊಂದು ಮನೆ ಮುಂದಿನವರಿಗೆ ಸರಿಸಿದರೆ ಸರಿಯಾಗ್ತದೆ."

"ಹಾಗಾದರೆ ಮುಂಡಪ್ಪಣ್ಣನಿಗೆ ಹೋದದ್ದು ಯಾರದ್ದು? ಅವರ ಮುಂದೆ ಯಾರೂ ಇಲ್ಲವಲ್ಲ," ಅಂದರು ಹುಕ್ರಪ್ಪಣ್ಣ.

"ಅದು ನೀರು. ಬೆಳಿಗ್ಗೆ ಸ್ವಿಚ್ ಹಾಕಿದ ಕೂಡಲೇ ನಾನು ಮೆಷಿನಿಗೆ ಮೊದಲು ಒಂದು ಕಪ್ ನೀರು ಕೊಡ್ತೇನೆ. ನಿನ್ನೆಯ ಹಾಲು ಕೊಳವೆಯಲ್ಲಿ ನಿಂತಿರ್ತದಲ್ಲ, ಅದು ತೊಳೆದು ಹೋಗಬೇಡವಾ?"

ಮೊದಲ ರೀಡಿಂಗ್ ಎಸೆಯುವ ಆ ಐದು ಗೆರೆ ದೊಡ್ಡಮ್ಮನ ಒಂದು ಕಪ್ ನೀರಿಗೆ ಇದ್ದದ್ದು. ನಾನು ಅದನ್ನು ಗುಡಿಸಿದ್ದೆ.

ಹುಕ್ರಪ್ಪಣ್ಣ ಸಿಟ್ಟಿನಲ್ಲಿದ್ದರು. "ಇಪ್ಪತ್ತೆರಡು ವರ್ಷದಿಂದ ಹಾಲಿನ ಮೆಷಿನಿಗೆ ನೀರು ಹಾಕ್ತಿದ್ದೀರಾ ಪೂವಮ್ಮ? ಯಾರು ಹೇಳಿದರು ನಿಮಗೆ? ಇನ್ನು ಇದೆಲ್ಲ ನಡೆಯುವುದಿಲ್ಲ. ಅಲ್ಲಿವರೆಗೆ ಮತ್ತೆ ಪುಸ್ತಕದಲ್ಲೇ ಬರೆಯಿರಿ, ಭಾನುವಾರ ತೀರ್ಮಾನ ಮಾಡುವ."

ದೊಡ್ಡಮ್ಮ ಸೆರಗಿನಿಂದ ಕಪ್ ಒರೆಸುತ್ತಾ ಕೂತರು. ಆಗಲೇ ನಾನು ಬಾಯಿ ಬಿಡಬೇಕಿತ್ತು. ತಪ್ಪು ದೊಡ್ಡಮ್ಮನದ್ದಲ್ಲ, ನನ್ನದು ಅಂತ. ಅಷ್ಟು ಜನರ ಎದುರು ನನ್ನ ಬಾಯಿ ಕಟ್ಟಿಹೋಯ್ತು. ನಾನು ಕಂಪ್ಯೂಟರ್ ಕಲಿಸುವವಳು, ಊರಿಗೇ ಬುದ್ಧಿವಂತೆ. ಹೆದರಿದೆ, ಅಷ್ಟೆ. ಆ ದಿನದ ನಾಚಿಕೆ ಈಗಲೂ ಹೋಗಿಲ್ಲ.

ಸಂಜೆ ದೊಡ್ಡಮ್ಮನೇ ಒಂದು ದಾರಿ ಹೇಳಿದರು. "ಮುಂಚೆ ಈ ಮೆಷಿನ್ ಮಾಡ್ತಿದ್ದ ಕಂಪನಿಯಿಂದ ವಿಟ್ಲದ ಬದ್ರುದ್ದೀನ್ ಬರ್ತಿದ್ದರು. ಕಂಪನಿ ಮುಚ್ಚಿತು, ಈಗ ಅಡಿಕೆ ಅಂಗಡಿಗಳ ತಕ್ಕಡಿ ರಿಪೇರಿ ಮಾಡ್ತಾರಂತೆ. ನೀರಿನ ವಿಷಯ ಅವರಿಗೆ ಗೊತ್ತುಂಟು. ಒಂದು ಫೋನ್ ಮಾಡು."

ಮಾಡಿದೆ. ಹಿರಿಯರೆಂದು ನಾವು ಹೆಸರಿಗೆ 'ಆಕ' ಸೇರಿಸಿ ಕರೆಯುವ ಬದ್ರುದ್ದೀನಾಕ ಫೋನ್ ಎತ್ತಿದರು. ಶಿರ್ತಾಡಿ ಸೊಸೈಟಿ, ಪೂವಮ್ಮನ ತಂಗಿಯ ಮಗಳು, ಮೆಷಿನಿನ ಡ್ರೈವರಿನಲ್ಲಿ ಸ್ವಲ್ಪ ತೊಂದರೆ ಅಂತ ಶುರು ಮಾಡಿದೆ.

"ನೀನು ಆ ನಾನೂರ ಹನ್ನೆರಡು ಗೆರೆಯ ನವ್ಯಾ ಅಲ್ಲವಾ?" ಅಂದರು.

ನನ್ನ ಹಿಮದ ದೇಶ ಕರಗಿ ನೀರಾಯಿತು. ಬೆಕ್ಕಿಲ್ಲ, ಸ್ವೆಟರಿಲ್ಲ. ಬಿಡಿಆರ್ ಅಂದರೆ ವಿಟ್ಲ ಪೇಟೆಯ ಬದ್ರುದ್ದೀನ್. ಡ್ರೈವರ್ ಬರೆದವರೂ ಅವರೇ, ಕಂಪನಿ ಮುಚ್ಚಿದ ಮೇಲೆ ಹದಿನೈದು ವರ್ಷ ಅದನ್ನು ಬೀಳದಂತೆ ಹಿಡಿದವರೂ ಅವರೇ. ನಾನು ಐದು ದಿನದಿಂದ ಇಂಗ್ಲಿಷಿನಲ್ಲಿ ಜಗಳ ಆಡಿದ್ದು ಎರಡು ಬಸ್ಸಿನ ದೂರದ ಮನುಷ್ಯನೊಟ್ಟಿಗೆ. ನಗು ಬಂತು, ತಡೆಯಲಿಕ್ಕೇ ಆಗಲಿಲ್ಲ. ಅವರೂ ನಕ್ಕರು. ಆಮೇಲೆ ಚೆನ್ನಾಗಿ ಬೈದರು.

"ಗುಡಿಸಬೇಡ ಅಂತ ನಾನು ಹೇಳಲಿಲ್ಲ ಮಗಳೇ. ಯಾಕೆ ಇಟ್ಟಿದ್ದಾರೆ ಅಂತ ಕೇಳದೆ ಗುಡಿಸಬೇಡ ಅಂದೆ. ಪೂವಕ್ಕ ನೀರು ಕೊಡುವುದು ಸರಿಯಾದ ಪದ್ಧತಿ. ಉಳಿದ ಸೊಸೈಟಿಯವರಿಗೂ ನಾನು ಅದನ್ನೇ ಕಲಿಸಿದ್ದು. ಅವರ ಪದ್ಧತಿ ನೋಡಿಯೇ ಆ ಐದು ಗೆರೆ ಬರೆದದ್ದು."

"ಹಾಗಾದರೆ ಕಾರಣ ಬರೆದಿಡಬೇಕಿತ್ತಲ್ಲ. ಒಂದಕ್ಷರ ಇಲ್ಲ. ನನಗೆ ಕನಸು ಬೀಳ್ತದಾ?"

"ಅದು ನನ್ನ ತಪ್ಪು," ಅಂದರು ಬದ್ರುದ್ದೀನಾಕ. "ಟೆಂಪ್ ಟೂ ಹೊಸತು ಕೂಡ ನನ್ನದೇ. ಅದಕ್ಕೆ ನಾಚಿಕೆ ಆಗ್ತದೆ, ಆದರೆ ನಿನ್ನೆದುರು ಹೇಳ್ತೇನೆ ಅಂದ್ಕೊಂಡಿರಲಿಲ್ಲ."

ಅಲ್ಲಿಂದ ಕೆಲಸ ಸಲೀಸಾಯ್ತು ಅಂದ್ಕೊಂಡಿರಾ? ಇಲ್ಲ. ಗುರುವಾರ ಕೇಬಲಿನ ಒಂದು ಗೆರೆಯ ರಿಪೇರಿ ಮಾತ್ರ ಕಳಿಸಿದೆ, ಹನ್ನೊಂದು ನಿಮಿಷದಲ್ಲಿ ಒಪ್ಪಿದರು. ಆಮೇಲೆ ಆ ಐದು ಗೆರೆಯ ಮೇಲೆ ಕಾರಣ ಬರೆಯುವುದಕ್ಕೆ ಎರಡನೇ ಪ್ಯಾಚ್. ನಾನು ಒಂಬತ್ತು ಸಾಲು ಬರೆದೆ. ಅವರು ಮೂರು ಪದ ಸಾಕು ಅಂದರು. ಪೂವಮ್ಮನ ಹೆಸರು ಇರಲೇಬೇಕು ಅಂತ ನಾನು, ಡ್ರೈವರಿನಲ್ಲಿ ಜನರ ಹೆಸರು ಹಾಕುವ ಕ್ರಮ ಇಲ್ಲ ಅಂತ ಅವರು. ಶುಕ್ರವಾರ ಲ್ಯಾಬಿನ ಹೊರಗೆ ಜಗಲಿಯಲ್ಲಿ ನಿಂತು ನಲವತ್ತು ನಿಮಿಷ ಫೋನಿನಲ್ಲಿ ಜಗಳ ಆಡಿದೆ. ಪಕ್ಕದಲ್ಲಿ ಹೋಗ್ತಿದ್ದ ಪ್ರಿನ್ಸಿಪಾಲರು ಮನೆಯಲ್ಲಿ ಎಲ್ಲ ಸರಿ ಉಂಟಾ ಅಂತ ಕೇಳಿದರು. ಕೊನೆಗೆ ಎರಡು ಸಾಲಿಗೆ ರಾಜಿ ಆಯ್ತು, ಹೆಸರೂ ಉಳಿಯಿತು. ಶನಿವಾರ ಅಪ್‌ಡೇಟ್ ಬಂತು. ನನ್ನ ಗುಡಿಸಿದ ಡ್ರೈವರ್ ಅಳಿಸಿಹೋಗಿ ಸರಿಯಾದದ್ದು ಕೂತಿತು.

ಭಾನುವಾರ ನಾನು ಐದೂವರೆಗೆ ಎದ್ದೆ. ಹಿಂದಿನ ದಿನವೇ ಮೂಡುಬಿದಿರೆಯ ಮಗಳ ಮನೆಗೆ ಬಂದಿದ್ದ ಬದ್ರುದ್ದೀನಾಕ ಮೊದಲ ಬಸ್ಸಿನಿಂದ ಇಳಿದರು. ಬಿಳಿ ಅಂಗಿ, ಪಂಚೆ, ಕೈಯಲ್ಲಿ ಸ್ಕ್ರೂಡ್ರೈವರಿನ ಚೀಲ. ಸೊಸೈಟಿಯಲ್ಲಿ ಕಾಲಿಡಲು ಜಾಗ ಇರಲಿಲ್ಲ. ಹಾಲು ತರದವರೂ ಬಂದಿದ್ದರು. ಹುಕ್ರಪ್ಪಣ್ಣನ ಕೈಯಲ್ಲಿ ಹೊಸ ಮೆಷಿನಿನ ಬಣ್ಣದ ಪುಸ್ತಕ. ಸಾಲಿನ ಮೊದಲಿಗೆ ಮುಂಡಪ್ಪಣ್ಣ, ಕ್ಯಾನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು.

"ಇವತ್ತು ಸರಿ ಬಂದರೆ ಹಳೆಯದೇ ಇರಲಿ. ಇಲ್ಲದಿದ್ದರೆ ಎಂಟು ಗಂಟೆಗೆ ಸಹಿ ಹಾಕುವ," ಅಂದರು ಹುಕ್ರಪ್ಪಣ್ಣ.

ದೊಡ್ಡಮ್ಮ ಸ್ವಿಚ್ ಹಾಕಿದರು. ನೀರಿನ ಚೆಂಬು ಪಕ್ಕದಲ್ಲೇ ಇತ್ತು. ಅದಕ್ಕೆ ಕೈ ಹಾಕಿ ಹುಕ್ರಪ್ಪಣ್ಣನ ಮುಖ ನೋಡಿದರು. ಮತ್ತೆ ಚೆಂಬನ್ನು ಮೇಜಿನ ಕೆಳಗೆ ಇಟ್ಟು, ನೀರು ಕೊಡದೆ, ನೇರ ಮುಂಡಪ್ಪಣ್ಣನ ಹಾಲಿಗೆ ಕಪ್ ಅದ್ದಿದರು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ. ಬುಧವಾರದ ಮಾತು ಅವರ ಎದೆಗೆ ಅಷ್ಟು ಆಳ ಹೋಗಿತ್ತು.

ಆ ಕಪ್ ಮೆಷಿನಿಗೆ ಹೋದರೆ ಡ್ರೈವರ್ ಅದನ್ನೇ ನೀರು ಅಂತ ತಿಳಿದು ಎಸೆಯುತ್ತಿತ್ತು. ಮುಂಡಪ್ಪಣ್ಣನಿಗೆ ರುಕ್ಮಯ್ಯನ ಹಾಲು ಹೋಗುತ್ತಿತ್ತು, ದೊಡ್ಡಮ್ಮನ ಕುರ್ಚಿಯೂ ಹೋಗುತ್ತಿತ್ತು. ಬದ್ರುದ್ದೀನಾಕ ಬಾಯಿ ತೆರೆದರು. ಅವರು ಹೇಳಿದರೆ ಆಗುತ್ತಿರಲಿಲ್ಲ. ಅದು ನಾನೇ ಹೇಳಬೇಕಾದ್ದು.

"ದೊಡ್ಡಮ್ಮ, ನಿಲ್ಲಿ. ಮೊದಲು ನೀರು ಕೊಡಿ," ಅಂದೆ. ಸ್ವರ ಎಲ್ಲಿಂದಲೋ ಬಂತು. "ಹುಕ್ರಪ್ಪಣ್ಣ, ಬುಧವಾರದ ತಪ್ಪು ಪೂವಮ್ಮನದ್ದಲ್ಲ, ಮೆಷಿನಿನದ್ದೂ ಅಲ್ಲ. ಮೊದಲು ನೀರು ಕೊಡುವುದೇ ಸರಿ. ಆ ನೀರನ್ನು ಲೆಕ್ಕಕ್ಕೆ ಹಿಡಿಯಬಾರದು ಅಂತ ಕಂಪ್ಯೂಟರಿಗೆ ಹೇಳಿಟ್ಟಿದ್ದರು. ನಾನು ಅದನ್ನು ಕಸ ಅಂತ ತಿಳಿದು ಅಳಿಸಿದೆ. ಅಳಿಸಬೇಡ ಅಂತ ಈ ಬದ್ರುದ್ದೀನಾಕ ಸರಿಯಾಗಿ ಹೇಳಿದ್ದರು, ನಾನು ಕೇಳಲಿಲ್ಲ. ಗೊತ್ತಾದ ಮೇಲೂ ನಿಮ್ಮೆದುರು ಬಾಯಿ ಬಿಡಲಿಲ್ಲ."

ದೊಡ್ಡಮ್ಮ ನನ್ನನ್ನು ನೋಡಿದರು, ಸಿಟ್ಟಾ ಎಂತದಾ ಗೊತ್ತಾಗಲಿಲ್ಲ. ಆಮೇಲೆ ಮೇಜಿನ ಕೆಳಗಿನಿಂದ ಚೆಂಬು ತೆಗೆದು, ನಿಧಾನಕ್ಕೆ, ಎಲ್ಲರಿಗೂ ಕಾಣುವ ಹಾಗೆ, ಮೆಷಿನಿಗೆ ಒಂದು ಕಪ್ ನೀರು ಕೊಟ್ಟರು. ಮೆಷಿನ್ ಗುರ್ ಅಂದಿತು. ಕಂಪ್ಯೂಟರಿನಲ್ಲಿ ಏನೂ ಬೀಳಲಿಲ್ಲ. ಆಮೇಲೆ ಮುಂಡಪ್ಪಣ್ಣನ ಹಾಲು. ನಾಲ್ಕು ಪಾಯಿಂಟ್ ಎಂಟು.

ಮುಂಡಪ್ಪಣ್ಣ ತಮ್ಮ ಫೋನ್ ತೆಗೆದು ದೋಹಾಕ್ಕೆ ಹಚ್ಚಿದರು. ಸ್ಪೀಕರ್ ಹಾಕಿ ನನ್ನ ಮುಖಕ್ಕೆ ಹಿಡಿದರು. "ಈಗ ಹೇಳಿದ್ದನ್ನು ಮನೀಷನಿಗೆ ಇನ್ನೊಮ್ಮೆ ಹೇಳು." ಹೇಳಿದೆ. ಅವನಿಗೆ ಅಲ್ಲಿ ಇನ್ನೂ ಬೆಳಗಾಗಿರಲಿಲ್ಲ, ಹೂಂ ಹೂಂ ಅಂದ. ಮತ್ತೆ ಮಸ್ಕತ್ತಿಗೆ ಹಚ್ಚಿದರು. ಅಲ್ಲಿಗೂ ಹೇಳಿದೆ. ಮೂರನೇ ಸಲ ಬೆಳ್ತಂಗಡಿಯ ಅಕ್ಕನಿಗೆ ಹಚ್ಚುವಾಗ ನನಗೇ ನಗು ತಡೆಯಲಿಲ್ಲ, ಸಾಲಿನಲ್ಲಿದ್ದವರೂ ಶುರು ಮಾಡಿದರು. ಬದ್ರುದ್ದೀನಾಕ ನಕ್ಕು ನಕ್ಕು ಕನ್ನಡಕ ತೆಗೆದು ಒರೆಸಿಕೊಂಡರು. ರುಕ್ಮಯ್ಯನ ಹಾಲಿಗೆ ಎರಡು ಪಾಯಿಂಟ್ ಒಂಬತ್ತು ಬಂತು. "ಬುಧವಾರವೇ ಒಳ್ಳೆದಿತ್ತು," ಅಂತ ಗೊಣಗಿಕೊಂಡು ಹೋದ.

ಎಂಟು ಗಂಟೆಗೆ ಹುಕ್ರಪ್ಪಣ್ಣ ಬಣ್ಣದ ಪುಸ್ತಕವನ್ನು ಕಪಾಟಿಗೆ ಹಾಕಿದರು. ದೊಡ್ಡಮ್ಮನ ಹತ್ತಿರ ಬಂದು, "ಆ ದಿನ ಸ್ವಲ್ಪ ಜಾಸ್ತಿ ಮಾತಾಡಿದೆ," ಅಂದರು. ದೊಡ್ಡಮ್ಮ ಹೋಗಲಿ ಬಿಡಿ ಅಂದರು.

ಎಲ್ಲ ಹೋದ ಮೇಲೆ ನಾನು ಲ್ಯಾಪ್‌ಟಾಪಿನಲ್ಲಿ ಆ ಜಾಗ ತೆಗೆದು ದೊಡ್ಡಮ್ಮನಿಗೆ ತೋರಿಸಿದೆ. ಇಂಗ್ಲಿಷ್ ಅವರಿಗೆ ಬರುವುದಿಲ್ಲ. ಬೆರಳಿಟ್ಟು ಓದಿ ಹೇಳಿದೆ: "ಹಾಲಿಗೆ ಮುಂಚೆ ಕೊಳವೆ ತೊಳೆಯಲು ಒಂದು ಕಪ್ ನೀರು ಕೊಡುತ್ತಾರೆ, ಆದ್ದರಿಂದ ಮೊದಲ ರೀಡಿಂಗ್ ಬಿಡಬೇಕು. ಶಿರ್ತಾಡಿಯ ಪೂವಮ್ಮನವರ ಪದ್ಧತಿ."

"ಇದು ಎಲ್ಲ ಕಂಪ್ಯೂಟರಿನಲ್ಲೂ ಉಂಟಾ?"

"ಈ ಮೆಷಿನ್ ಇರುವ ಕಡೆಯೆಲ್ಲ ಉಂಟು."

ದೊಡ್ಡಮ್ಮ ಆ ಎರಡು ಸಾಲಿನ ಮೇಲೆ ತಾವೂ ಬೆರಳಿಟ್ಟರು. "ಇನ್ನು ಇದನ್ನು ಯಾರೂ ಅಳಿಸುವುದಿಲ್ಲ ಅಲ್ಲ?"

"ನಾನು ಇರುವವರೆಗೆ ಇಲ್ಲ ಪೂವಕ್ಕ," ಅಂದರು ಬದ್ರುದ್ದೀನಾಕ.

"ನಿಮಗೂ ಅರುವತ್ತೆಂಟು ಆಯ್ತಲ್ಲ. ಆಮೇಲೆ?"

ಬದ್ರುದ್ದೀನಾಕ ಚೀಲದ ಬಾಯಿ ಕಟ್ಟಿದರು. "ನಿನ್ನೆ ಸಂಜೆ ಇವಳ ಹೆಸರನ್ನೂ ನನ್ನ ಹೆಸರಿನ ಕೆಳಗೆ ಹಾಕಿದ್ದೇನೆ. ಇನ್ನು ಇವಳು ಹೂಂ ಅನ್ನದೆ ಅದರಲ್ಲಿ ಒಂದು ಗೆರೆಯೂ ಅಲ್ಲಾಡುವುದಿಲ್ಲ."

ನನಗೆ ಯಾರೂ ಹೇಳಿರಲಿಲ್ಲ. ನೋಡುವ ಅಂತ ಲ್ಯಾಪ್‌ಟಾಪ್ ತಿರುಗಿಸಿದೆ. ಅಕ್ಷರಗಳೆಲ್ಲ ಮಂಜಾಗಿ ಕಂಡವು, ಅಳು ಬಂದಿತ್ತು. ದೊಡ್ಡಮ್ಮ ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದರು. ಆಮೇಲೆ ಕುರ್ಚಿಯಿಂದ ಎದ್ದರು.

"ಹಾಗಾದರೆ ನಾಳೆಯಿಂದ ಆರು ಗಂಟೆಗೆ ಇಲ್ಲಿ ಬಂದು ಕೂತುಕೋ," ಅಂದರು. "ನೀರಿನದ್ದು ಮಾತ್ರ ಅಲ್ಲ, ಇನ್ನೂ ತುಂಬ ಉಂಟು, ನಾನು ಯಾರಿಗೂ ಹೇಳದ್ದು. ನನಗೂ ಒಂದು ದಿನ ಈ ಕುರ್ಚಿ ಬಿಡಲಿಕ್ಕುಂಟಲ್ಲ."

ನಾನು ಹೂಂ ಅಂದೆ.